ಮೀಟರ್ ಬೋರ್ಡಿನ ಹಳದಿ ದೀಪ: ಟೈರು ಏನು ಹೇಳುತ್ತಿದೆ?

ಬೆಳಿಗ್ಗೆ ಏಳೂಮುಕ್ಕಾಲು. ಡಬ್ಬಿಗೆ ಚಿತ್ರಾನ್ನ ತುಂಬಿ, ಮಗಳಿಗೆ ಜಡೆ ಹೆಣೆದು, ಮಗನ ಕಳೆದುಹೋದ ಒಂದು ಕಾಲಿನ ಸಾಕ್ಸ್ ಹುಡುಕಿಕೊಟ್ಟು, ಅಂತೂ ಇಂತೂ ಕಾರು ಸ್ಟಾರ್ಟ್ ಮಾಡಿದೆ. ಸ್ಟಾರ್ಟ್ ಮಾಡುವಾಗ ಮೀಟರ್ ಬೋರ್ಡಿನ ದೀಪಗಳೆಲ್ಲಾ ಒಮ್ಮೆ ಹೊತ್ತಿ ಆರುತ್ತವಲ್ಲ, ಅವತ್ತು ಒಂದು ಹಳದಿ ದೀಪ ಮಾತ್ರ ಆರಲೇ ಇಲ್ಲ. ನೋಡಲು ಬಾಯಿ ತೆರೆದ ಪಾತ್ರೆಯ ಹಾಗಿದೆ, ತಳ ಚಪ್ಪಟೆ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. "ಅಮ್ಮಾ, ಪಾಯಸ ಉಕ್ತಿದೆ ಅಂತ ತೋರಿಸ್ತಿದೆ" ಅಂದಳು ಹಿಂದೆ ಕುಳಿತ ಮಗಳು.

ನಮ್ಮವರು ಆಗ ಕೆಲಸದ ಮೇಲೆ ಪುಣೆಯಲ್ಲಿದ್ದರು. ಶಾಲೆಯ ಹತ್ತಿರ ಕಾರು ನಿಲ್ಲಿಸಿ ಫೋನ್ ಮಾಡಿ, "ರೀ, ಹೀಗೊಂದು ದೀಪ ಬರ್ತಿದೆ" ಅಂದೆ. "ಅದು ಟೈರ್ ಪ್ರೆಷರ್ ಕಣೇ. ಚಳಿಗೆ ಹಾಗೆ ಬರುತ್ತೆ, ತಲೆ ಕೆಡಿಸ್ಕೋಬೇಡ" ಅಂದರು. ಡಿಸೆಂಬರ್ ತಿಂಗಳು, ಬೆಂಗಳೂರಿನ ಚಳಿ, ಇರಬಹುದು ಅನ್ನಿಸಿತು. ಅವರ ಮಾತು ನಿಜವೇನೋ ಎಂಬಂತೆ ಮನೆಗೆ ವಾಪಸ್ ಬರುವಷ್ಟರಲ್ಲಿ ದೀಪ ತಾನೇ ಆರಿಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ಬಂತು, ಮತ್ತೆ ಆರಿತು. ತಾನಾಗಿ ಬಂದ ನೆಗಡಿ ತಾನಾಗಿ ಹೋಯಿತು ಅಂತ ನಾನೂ ಸುಮ್ಮನಾದೆ.

ನಾನು ಮಾಡಿದ ತಪ್ಪು ಅದೇ. ನನ್ನ ಪರಿಚಯದ ನಾಲ್ಕೈದು ಗೆಳತಿಯರನ್ನು ಕೇಳಿ ನೋಡಿದೆ, ಅವರೂ ಹೀಗೇ ಮಾಡಿದ್ದಾರೆ. ಆದ್ದರಿಂದ ಈ ದೀಪದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳೋಣ ಅಂತ ಕುಳಿತಿದ್ದೇನೆ.

ಚಳಿಗೂ ಗಾಳಿಗೂ ಏನು ಸಂಬಂಧ?

ಸಂಬಂಧ ಇದೆ. ಬಿಸಿಯಾದರೆ ಗಾಳಿ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಎಣ್ಣೆಯಲ್ಲಿ ಉಬ್ಬಿದ ಪೂರಿ ತಟ್ಟೆಗೆ ಬಂದು ಎರಡು ನಿಮಿಷಕ್ಕೆ ಚಪ್ಪೆಯಾಗುವುದನ್ನು ನಾವು ದಿನಾ ನೋಡುತ್ತೇವೆ. ಟೈರಿನ ಲೆಕ್ಕ ಹೀಗೆ: ಹವೆ ಐದೂವರೆ ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಪಿಎಸ್‌ಐ ಅಂದಕೂಡಲೇ ನಮಗೆ ನೆನಪಾಗುವುದು ಪೊಲೀಸ್ ಸ್ಟೇಷನ್. ಇದು ಆ ಪಿಎಸ್‌ಐ ಅಲ್ಲ. ಒಂದು ಚದರ ಇಂಚು ಜಾಗದ ಮೇಲೆ ಗಾಳಿ ಎಷ್ಟು ಪೌಂಡ್ ಭಾರ ಒತ್ತುತ್ತಿದೆ ಎಂಬ ಅಳತೆ, ಅಷ್ಟೇ. ಏಪ್ರಿಲ್ ತಿಂಗಳ ಬಿರುಬಿಸಿಲಲ್ಲಿ 33 ಹಾಕಿಸಿದ ಗಾಳಿ ಡಿಸೆಂಬರಿನ ಮುಂಜಾನೆ ಏನಿಲ್ಲವೆಂದರೂ ಮೂರು ಅಂಕ ಕಡಿಮೆ ತೋರಿಸುತ್ತದೆ. ಇದರ ಜೊತೆಗೆ ಟೈರು ಚೆನ್ನಾಗಿದ್ದರೂ ರಬ್ಬರಿನ ಮೂಲಕವೇ ತಿಂಗಳಿಗೆ ಒಂದು ಪಿಎಸ್‌ಐ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಸೋರುತ್ತಲೇ ಇರುತ್ತದೆ. ಎಂಟು ತಿಂಗಳು ಟೈರಿನ ಕಡೆ ತಿರುಗಿ ನೋಡದಿದ್ದರೆ ಎಷ್ಟು ಉಳಿದೀತು, ನೀವೇ ಲೆಕ್ಕ ಹಾಕಿ.

ಇನ್ನು ಕಾರು ಓಡುವಾಗ ಟೈರು ಬಿಸಿಯಾಗಿ ಒಳಗಿನ ಒತ್ತಡ ಎರಡು ಮೂರು ಅಂಕ ಏರುತ್ತದೆ. ನಮ್ಮ ಕಾರಿನ ದೀಪ ಶಾಲೆಯಿಂದ ವಾಪಸ್ ಬರುವಾಗ ಆರುತ್ತಿದ್ದುದು ಇದಕ್ಕೇ. ಗಾಳಿ ಒಂದು ಚೂರೂ ಹೆಚ್ಚಾಗಿರಲಿಲ್ಲ, ಇದ್ದ ಗಾಳಿಯೇ ಬಿಸಿಯಾಗಿ ಹಿಗ್ಗಿತ್ತು. ನಾನು ಅದನ್ನೇ ವಾಸಿಯಾಯ್ತು ಅಂದುಕೊಂಡಿದ್ದೆ.

ಅಂದಮೇಲೆ ಇವರು ಹೇಳಿದ್ದೇನೂ ಸುಳ್ಳಲ್ಲ, ಚಳಿಗೂ ಈ ದೀಪ ಬರುತ್ತದೆ. ಆದರೆ ಚಳಿ ನಾಲ್ಕು ಚಕ್ರಕ್ಕೂ ಒಂದೇ. ಗಾಳಿ ಇಳಿದರೆ ನಾಲ್ಕರಲ್ಲೂ ಹೆಚ್ಚುಕಡಿಮೆ ಸಮನಾಗಿ ಇಳಿಯಬೇಕು. ಒಂದೇ ಚಕ್ರದಲ್ಲಿ ಇಳಿಯುತ್ತಿದೆ ಅಂದರೆ ಅದು ಚಳಿಯಲ್ಲ, ಸೋರಿಕೆ. ಇಷ್ಟು ಗೊತ್ತಿದ್ದರೆ ಅರ್ಧ ಮೆಕ್ಯಾನಿಕ್ ಆದ ಹಾಗೆ. ನನಗೆ ಗೊತ್ತಿರಲಿಲ್ಲ ಅಷ್ಟೆ.

"ಎಷ್ಟು ಹಾಕ್ಲಿ ಮೇಡಂ?"

ಮೂರನೇ ದಿನ ಪೆಟ್ರೋಲ್ ಬಂಕಿಗೆ ಹೋದೆ. ಗಾಳಿ ಹಾಕುವ ಹುಡುಗ ಪೈಪ್ ಹಿಡಿದುಕೊಂಡು "ಎಷ್ಟು ಹಾಕ್ಲಿ ಮೇಡಂ, ಮೂವತ್ತೈದಾ?" ಅಂದ. ನನಗೇನು ಗೊತ್ತು? ಗೊತ್ತಿದ್ದವಳ ಹಾಗೆ "ಹ್ಞೂಂ, ಹಾಕಪ್ಪಾ" ಅಂದೆ. ತರಕಾರಿ ಅಂಗಡಿಯಲ್ಲಿ ಐದು ರೂಪಾಯಿಗೆ ವಾದ ಮಾಡುವ ನಾನು ಅಲ್ಲಿ ಬಾಯಿ ಬಿಡಲಿಲ್ಲ ನೋಡಿ.

ಎಷ್ಟು ಹಾಕಿಸಬೇಕು ಅನ್ನುವುದನ್ನು ಕಾರಿನ ಮೇಲೇ ಬರೆದಿರುತ್ತಾರೆ. ಡ್ರೈವರ್ ಬಾಗಿಲು ತೆರೆದು, ಬಾಗಿಲು ಬಂದು ಕೂರುವ ಚೌಕಟ್ಟನ್ನು ನೋಡಿ, ಅಲ್ಲೊಂದು ಸಣ್ಣ ಸ್ಟಿಕ್ಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಡೆ ಇರುತ್ತದೆ. ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು, ಇಬ್ಬರೇ ಕುಳಿತರೆ ಎಷ್ಟು, ಜನ ಲಗೇಜು ಎಲ್ಲಾ ತುಂಬಿದರೆ ಎಷ್ಟು, ಎಲ್ಲವೂ ಅದರಲ್ಲಿದೆ. ನಮ್ಮ ಕಾರಿಗೆ ನಾಲ್ಕಕ್ಕೂ 33. ನಿಮ್ಮದರಲ್ಲಿ 30 ಇರಬಹುದು, 36 ಇರಬಹುದು. ಪಕ್ಕದ ಮನೆಯವರ ಕಾರಿನ ಅಂಕಿ ನಮಗೆ ಬರುವುದಿಲ್ಲ, ಅವರ ಬಿಪಿ ಮಾತ್ರೆ ನಾವು ನುಂಗಿದ ಹಾಗಾಗುತ್ತದೆ. ಕೆಲವು ಸ್ಟಿಕ್ಕರಿನಲ್ಲಿ ಕೆಪಿಎ ಅಥವಾ ಬಾರ್ ಲೆಕ್ಕದಲ್ಲಿ ಬರೆದಿರುತ್ತಾರೆ, ಗಾಬರಿ ಬೇಡ. 230 ಕೆಪಿಎ ಅಂದರೂ 2.3 ಬಾರ್ ಅಂದರೂ ಹೆಚ್ಚುಕಡಿಮೆ 33 ಪಿಎಸ್‌ಐ.

ಟೈರಿನ ಪಕ್ಕೆಯ ಮೇಲೂ ಒಂದು ಅಂಕಿ ಅಚ್ಚಾಗಿರುತ್ತದೆ. ಅದನ್ನು ನೋಡಿ ಗಾಳಿ ಹಾಕಿಸಬೇಡಿ. ಅದು ಆ ಟೈರು ತಡೆಯಬಲ್ಲ ಗರಿಷ್ಠ ಒತ್ತಡ, ನಿಮ್ಮ ಕಾರಿಗೆ ಬೇಕಾದದ್ದಲ್ಲ.

ಸ್ಟಿಕ್ಕರಿನಲ್ಲಿರುವ ಅಂಕಿ ತಣ್ಣಗಿರುವ ಟೈರಿಗೆ ಅನ್ನುವುದನ್ನು ಬಹಳ ಜನ ಗಮನಿಸುವುದಿಲ್ಲ. ಕಾರು ಮೂರು ಗಂಟೆ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಟ್ರಾಫಿಕ್ಕಿನಲ್ಲಿ ಎಂಟು ಹತ್ತು ಕಿಲೋಮೀಟರ್ ಓಡಿಸಿಕೊಂಡು ಹೋಗಿ ಬಂಕಿನಲ್ಲಿ ಸರಿಯಾಗಿ 33 ಹಾಕಿಸಿದರೆ, ಮರುದಿನ ಬೆಳಿಗ್ಗೆ ಅದು 30 ಆಗಿರುತ್ತದೆ. ಬಿಸಿ ಟೈರಿಗೆ ಹಾಕಿಸುವಾಗ ಎರಡು ಮೂರು ಅಂಕ ಹೆಚ್ಚು ಹಾಕಿಸಿಕೊಂಡು, ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡುವುದು ಒಳ್ಳೆಯದು. ಓಡಿ ಬಂದ ಟೈರಿನಲ್ಲಿ 36 ತೋರಿಸುತ್ತಿದೆ ಅಂತ ಗಾಳಿ ಬಿಡಿಸಲು ಮಾತ್ರ ಹೋಗಬೇಡಿ.

ಬಂಕಿನಲ್ಲಿ ಗಾಳಿ ಉಚಿತವಾಗಿ ಒದಗಿಸಬೇಕೆಂಬುದು ತೈಲ ಕಂಪೆನಿಗಳ ನಿಯಮ. ಹುಡುಗನಿಗೆ ಹತ್ತು ರೂಪಾಯಿ ಕೈಗಿಡುವುದು ನಮ್ಮ ಖುಷಿ. ನೈಟ್ರೋಜನ್ನೇ ಹಾಕಿಸಬೇಕಾ ಅಂತ ಕೇಳುವವರಿಗೆ ಒಂದು ಮಾತು: ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ನೈಟ್ರೋಜನ್ ತುಂಬಿಸಿದ ಟೈರಿಗೆ ಮಾಮೂಲಿ ಗಾಳಿ ಸೇರಿಸಿದರೆ ಏನೂ ಆಗುವುದಿಲ್ಲ. ಮೊಳೆ ಚುಚ್ಚಿದರೆ ಎರಡೂ ಒಂದೇ ಥರ ಸೋರುತ್ತವೆ.

ಹಾಲಿನ ಲೆಕ್ಕದ ಪಕ್ಕದಲ್ಲಿ

ಗಾಳಿ ಹಾಕಿಸಿದ ಮೇಲೆ ಒಂದು ವಾರ ದೀಪ ಸುಮ್ಮನಿತ್ತು. ಆಮೇಲೆ ಮತ್ತೆ ಬಂತು. ಮತ್ತೆ ಬಂಕ್, ಮತ್ತೆ "ಮೂವತ್ತೈದಾ ಮೇಡಂ?". ಮೂರನೇ ಸಲ ಬಂದಾಗ ಮೈಸೂರಿನಲ್ಲಿರುವ ನನ್ನ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಶನಿವಾರ ಅವನ ಮನೆಗೇ ಹೊರಟಿದ್ದೆವು, ಅವನ ಮಗುವಿನ ನಾಮಕರಣಕ್ಕೆ. ಅವನು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾ, ಯಾವ ಚಕ್ರದಲ್ಲಿ ಕಡಿಮೆ ಆಗ್ತಿದೆ?" ನಾನು ಅದನ್ನು ನೋಡಿಯೇ ಇರಲಿಲ್ಲ. ಬಂಕಿನ ಹುಡುಗನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವನ ಮಾತು ಕೇಳಿ ಒಂದು ಗೇಜ್ ತಂದೆ, ನಾನೂರು ರೂಪಾಯಿಯೊಳಗೇ ಸಿಕ್ಕಿತು. ಬಳಸುವುದು ಜ್ವರ ನೋಡುವುದಕ್ಕಿಂತ ಸುಲಭ. ಚಕ್ರದ ವಾಲ್ವಿನ ಕ್ಯಾಪ್ ತಿರುಗಿಸಿ ತೆಗೆಯುವುದು, ಗೇಜಿನ ಬಾಯಿಯನ್ನು ನೇರವಾಗಿ ಗಟ್ಟಿಯಾಗಿ ಒತ್ತುವುದು, ಅಂಕಿ ಓದುವುದು. ಒತ್ತುವಾಗ ಒಂದು ಸಲ ಉಸ್ ಅಂದರೆ ಪರವಾಗಿಲ್ಲ, ಉಸ್ ಅನ್ನುತ್ತಲೇ ಇದ್ದರೆ ವಾರೆಯಾಗಿ ಹಿಡಿದಿದ್ದೀರಿ ಅಂತ. ಕ್ಯಾಪನ್ನು ಸೆರಗಿಗೋ ಜೇಬಿಗೋ ಹಾಕಿಕೊಳ್ಳಿ. ನೆಲದ ಮೇಲಿಟ್ಟರೆ ಮೋರಿಗೇ ಉರುಳುತ್ತದೆ, ನನ್ನದು ಒಂದು ಹೋಗಿದೆ.

ಸೋಮವಾರ ಬೆಳಿಗ್ಗೆ ಹತ್ತಿರದ ಬಂಕಿಗೆ ಹೋಗಿ, ತಣ್ಣಗಿರುವಾಗಲೇ ನಾಲ್ಕಕ್ಕೂ 33 ಹಾಕಿಸಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕಕ್ಕೇ ಬರೆದೆ: 33, 33, 33, 33. ಬುಧವಾರ ಬೆಳಿಗ್ಗೆ ನೋಡಿದರೆ ಮೂರು ಚಕ್ರ ಹಾಗೇ ಇವೆ, ಎಡಗಡೆ ಹಿಂದಿನದು 30. ಶುಕ್ರವಾರ ಬೆಳಿಗ್ಗೆ ಅದೊಂದು 27, ಉಳಿದವು 33ರ ಆಸುಪಾಸಿನಲ್ಲೇ. "ಇದೇನೇ, ಹಾಲಿನವನು ಮೂವತ್ತಮೂರು ಪ್ಯಾಕೆಟ್ ಹಾಕಿದ್ದಾನಾ?" ಅಂತ ನಮ್ಮತ್ತೆ ಕನ್ನಡಕ ಏರಿಸಿಕೊಂಡು ಕೇಳಿದರು.

ಶುಕ್ರವಾರ 27 ಇದ್ದಾಗ ದೀಪ ಹೊತ್ತಿರಲಿಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೇ. ಅನೇಕ ಕಾರುಗಳಲ್ಲಿ ಗಾಳಿ ನೂರಕ್ಕೆ 20ರಿಂದ 25ರಷ್ಟು ಕಡಿಮೆಯಾದ ಮೇಲಷ್ಟೇ ಈ ದೀಪ ಬರುತ್ತದೆ. 33 ಇರಬೇಕಾದಲ್ಲಿ 25, 26ಕ್ಕೆ ಇಳಿಯುವವರೆಗೂ ಅದು ಬಾಯಿ ಬಿಡದೇ ಇರಬಹುದು. ದೀಪ ಇಲ್ಲ ಅಂದರೆ ಗಾಳಿ ಸರಿಯಾಗಿದೆ ಎಂದಲ್ಲ, ತೀರಾ ಕೆಟ್ಟಿಲ್ಲ ಎಂದಷ್ಟೇ. ಶನಿವಾರ ಬೆಳಗಿನ ಜಾವ ಅತ್ತೆ, ಇಬ್ಬರು ಮಕ್ಕಳು, ಡಿಕ್ಕಿ ತುಂಬ ಲಗೇಜು ಹೇರಿಕೊಂಡು, ದೀಪ ಇಲ್ಲ ಎಂಬ ಧೈರ್ಯದಲ್ಲಿ ನಾನು ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತುತ್ತಿದ್ದೆ. 2023ರಲ್ಲಿ ಶುರುವಾದ ಆ ರಸ್ತೆಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಅನುಮತಿ ಇದೆ, ಕಾಲು ತಾನಾಗೇ ಒತ್ತುತ್ತದೆ.

ಗಾಳಿ ಕಡಿಮೆ ಇರುವ ಟೈರು ವೇಗದಲ್ಲಿ ಏನು ಮಾಡುತ್ತದೆ ಗೊತ್ತೇ? ರಸ್ತೆಗೆ ಒತ್ತಿದ ಭಾಗ ಒಳಕ್ಕೆ ಮಡಚುತ್ತದೆ, ಮೇಲೆ ಬಂದಾಗ ಬಿಡಿಸಿಕೊಳ್ಳುತ್ತದೆ, ಪ್ರತಿ ಸುತ್ತಿಗೂ ಹೀಗೆ. ಒಂದು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಇದ್ದರೆ ಬಿಸಿಯಾಗಿ ಕೊನೆಗೆ ತುಂಡಾಗುತ್ತದಲ್ಲ, ಹಾಗೆಯೇ ಟೈರಿನ ಪಕ್ಕೆ ಒಳಗೊಳಗೇ ಕಾಯುತ್ತದೆ. ಹೊರಗೆ ಬಿಸಿಲು, ಮೇಲೆ ಭಾರ, ಕೆಳಗೆ ಕಾದ ರಸ್ತೆ ಸೇರಿದರೆ ಸಿಡಿಯುವುದೂ ಉಂಟು. ಊರೊಳಗೆ ಮೂವತ್ತು ನಲವತ್ತರ ವೇಗದಲ್ಲಿ ನಮಗಿದು ಗೊತ್ತಾಗುವುದೇ ಇಲ್ಲ. ಕಣ್ಣಳತೆಯೂ ಸಾಲದು. ಈಗಿನ ರೇಡಿಯಲ್ ಟೈರುಗಳು ಗಾಳಿ ಸರಿಯಾಗಿದ್ದರೂ ತಳದಲ್ಲಿ ಸ್ವಲ್ಪ ಉಬ್ಬಿಕೊಂಡೇ ಕಾಣುತ್ತವೆ, 33ಕ್ಕೂ 26ಕ್ಕೂ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಈ ದೀಪ ಹುಟ್ಟಿದ್ದೂ ಇಂಥದ್ದೇ ಕಾರಣಕ್ಕೆ. ಅಮೆರಿಕದಲ್ಲಿ 2000ದ ಹೊತ್ತಿಗೆ ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುವಾಗಲೇ ಕಿತ್ತುಬಂದು, ಕಾರುಗಳು ಮಗುಚಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಅಲ್ಲಿ ಕಾನೂನು ಬಂತು, 2007ರ ಸೆಪ್ಟೆಂಬರ್ ಹೊತ್ತಿಗೆ ಹೊಸ ಕಾರುಗಳಿಗೆಲ್ಲ ಈ ದೀಪ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರಿಂದ. ನಮ್ಮಲ್ಲಿ ಈಗ ಅನೇಕ ಕಾರುಗಳ ಮೇಲಿನ ಮಾಡೆಲ್‌ಗಳಲ್ಲಿ ಬರುತ್ತಿದೆ.

ಪಂಚರ್ ಅಂಗಡಿಯಲ್ಲಿ

ಶುಕ್ರವಾರ ಸಂಜೆ ಕಾರನ್ನು ಪಂಚರ್ ಅಂಗಡಿಗೆ ಒಯ್ದು, "ಎಡಗಡೆ ಹಿಂದಿನ ಚಕ್ರ ನೋಡಪ್ಪಾ, ಎರಡು ದಿನಕ್ಕೆ ಮೂರು ಅಂಕ ಇಳೀತಿದೆ" ಅಂದೆ. ಆತ ತಲೆ ಎತ್ತಿ ಒಮ್ಮೆ ನನ್ನ ಮುಖ ನೋಡಿದ. ಚಕ್ರ ಬಿಚ್ಚಿ ಸೋಪಿನ ನೀರು ಹಚ್ಚಿದ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರಿಗೆ ನಾವು ಸೋಪಿನ ನೀರು ಹಚ್ಚಿ ನೋಡುವುದಿಲ್ಲವೇ, ಹಾಗೇ. ಮೊದಲು ವಾಲ್ವಿನ ಬಾಯಿಗೆ ಹಚ್ಚಿದ, ಅಲ್ಲಿ ಗುಳ್ಳೆ ಬರಲಿಲ್ಲ. ಟೈರಿನ ಹಲ್ಲುಗಳ ನಡುವೆ ಒಂದು ಕಡೆ ಸಾಸಿವೆಯಷ್ಟು ಗುಳ್ಳೆಗಳು ಏಳತೊಡಗಿದವು. ತಲೆ ಸವೆದುಹೋಗಿದ್ದ ಒಂದು ಸ್ಕ್ರೂ. ಪಕ್ಕದ ಬೀದಿಯಲ್ಲಿ ಮನೆ ಕಟ್ಟುತ್ತಿದ್ದಾರೆ, ಅಲ್ಲಿಯದೇ ಇರಬೇಕು.

ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ತಾನೇ ಅರ್ಧ ಬಿರಡೆಯಾಗಿ ಕುಳಿತುಬಿಡುತ್ತದೆ. ಅದಕ್ಕೇ ಗಾಳಿ ಒಮ್ಮೆಲೇ ಹೋಗದೆ ದಿನಗಟ್ಟಲೆ ಸೋರುತ್ತದೆ. ಮೊಳೆ ಕಣ್ಣಿಗೆ ಬಿದ್ದರೆ ದಯವಿಟ್ಟು ನೀವೇ ಕೀಳಬೇಡಿ. ಕಿತ್ತರೆ ನಿಂತಲ್ಲೇ ಟೈರು ಚಪ್ಪಟೆ. ಗಾಳಿ ತುಂಬಿಸಿಕೊಂಡು, ನಿಧಾನವಾಗಿ ಅಂಗಡಿಗೆ ಹೋಗಿ. ತೂತಿಗೆ ಅಂಟು ಬತ್ತಿ ತುರುಕುವುದು ಒಂದು ವಿಧಾನ, ಟೈರು ಬಿಚ್ಚಿ ಒಳಗಿನಿಂದ ಅಣಬೆಯಾಕಾರದ ಪ್ಲಗ್ ಕೂರಿಸುವುದು ಇನ್ನೊಂದು. ಎರಡನೆಯದಕ್ಕೆ ಹೊತ್ತೂ ದುಡ್ಡೂ ಹೆಚ್ಚು, ಆದರೆ ಗಟ್ಟಿ. ತೂತು ಟೈರಿನ ಪಕ್ಕೆಯಲ್ಲಿದ್ದರೆ ಯಾರು ಏನೇ ಹೇಳಲಿ, ಅದಕ್ಕೆ ಪಂಚರ್ ಹಾಕಿಸಿ ಓಡಿಸುವುದು ಬೇಡ. ಆ ಟೈರು ಬದಲಾಯಿಸಲೇಬೇಕು.

ದೀಪ ಮಿನುಗಿದರೆ ಬೇರೆ ಅರ್ಥ

ಪಕ್ಕದ ಬ್ಲಾಕಿನ ಗೆಳತಿಯೊಬ್ಬಳ ಕಾರಿನಲ್ಲಿ ಇದೇ ದೀಪ ಸ್ಟಾರ್ಟ್ ಮಾಡಿದಾಗ ಒಂದು ಒಂದೂವರೆ ನಿಮಿಷ ಮಿಣಮಿಣ ಅಂದು, ಆಮೇಲೆ ಹೊತ್ತಿಕೊಂಡೇ ಇರುತ್ತಿತ್ತು. ಅವಳು ಪಾಪ ವಾರಕ್ಕೆರಡು ಸಲ ಗಾಳಿ ಹಾಕಿಸಿದ್ದೇ ಬಂತು. ಸಾಮಾನ್ಯವಾಗಿ ಮಿನುಗುವ ದೀಪದ ಅರ್ಥ, ಗಾಳಿಯಲ್ಲ, ಗಾಳಿ ನೋಡುವ ವ್ಯವಸ್ಥೆಯೇ ಕೆಟ್ಟಿದೆ ಎಂದು. ಕೆಲವು ಕಾರುಗಳಲ್ಲಿ ಪ್ರತಿ ಚಕ್ರದೊಳಗೂ ವಾಲ್ವಿಗೆ ಅಂಟಿಕೊಂಡಂತೆ ಒಂದು ಪುಟ್ಟ ಸೆನ್ಸರ್ ಇರುತ್ತದೆ, ಅದರ ಬ್ಯಾಟರಿ ಐದರಿಂದ ಹತ್ತು ವರ್ಷ ಬರುತ್ತದೆ. ಮುಗಿದ ಮೇಲೆ ಸಾಮಾನ್ಯವಾಗಿ ಸೆನ್ಸರನ್ನೇ ಬದಲಾಯಿಸಬೇಕು. ಸೆನ್ಸರ್ ಇಲ್ಲದ ಸ್ಟೆಪ್ನಿ ಹಾಕಿ ಓಡಿಸಿದರೂ ದೀಪ ಹೀಗೆ ಮಿನುಗಬಹುದು. ಟೈರು ಬದಲಾಯಿಸಲು ಹೋದಾಗ "ಒಳಗೆ ಸೆನ್ಸರ್ ಇದೆ, ನೋಡಿಕೊಂಡು ಬಿಚ್ಚಪ್ಪಾ" ಅಂತ ಮೊದಲೇ ಹೇಳಿಬಿಡಿ. ಸಲಾಕೆ ತಾಗಿ ಮುರಿದ ಮೇಲೆ ಜಗಳವಾಡಿ ಪ್ರಯೋಜನವಿಲ್ಲ.

ಇನ್ನು ಕೆಲವು ಕಾರುಗಳಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಗಾಳಿ ಕಡಿಮೆಯಾದ ಚಕ್ರ ಒಂದು ಚೂರು ಕುಗ್ಗುತ್ತದೆ, ಕುಗ್ಗಿದ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ಸುತ್ತಬೇಕು. ಬ್ರೇಕಿನ ಎಬಿಎಸ್ ವ್ಯವಸ್ಥೆ ಆ ವ್ಯತ್ಯಾಸವನ್ನು ಎಣಿಸಿ ಹೇಳುತ್ತದೆ. ಇಂಥ ಕಾರಿನಲ್ಲಿ ಗಾಳಿ ಸರಿಮಾಡಿಸಿದ ಮೇಲೆ ಸೆಟ್ ಬಟನ್ ಒತ್ತಿ, ಇಲ್ಲವೇ ಸ್ಕ್ರೀನಿನ ಮೆನುವಿನಲ್ಲಿ ರೀಸೆಟ್ ಮಾಡಬೇಕು. ಎಲ್ಲಿದೆ ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿದೆ. ಗಾಳಿ ಹಾಕಿಸದೆ ಬರೀ ದೀಪ ಆರಿಸಲು ರೀಸೆಟ್ ಒತ್ತುವವರಿದ್ದಾರೆ. ಅದು ವಾರೆಯಾಗಿರುವ ತಕ್ಕಡಿಯನ್ನೇ ಸೊನ್ನೆ ಅಂತ ಒಪ್ಪಿಕೊಂಡ ಹಾಗೆ, ಆಮೇಲೆ ಕಾರು ಆ ಕಡಿಮೆ ಗಾಳಿಯನ್ನೇ ಸರಿ ಅಂದುಕೊಳ್ಳುತ್ತದೆ.

ಓಡಿಸುತ್ತಿರುವಾಗಲೇ ದೀಪ ಬಂದರೆ ಗಕ್ಕನೆ ಬ್ರೇಕ್ ಹಾಕಬೇಡಿ. ಸ್ಟೇರಿಂಗ್ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ವೇಗ ನಿಧಾನಕ್ಕೆ ಇಳಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ ನಾಲ್ಕೂ ಚಕ್ರ ನೋಡಿ. ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ ಅಥವಾ ಚಕ್ರ ಕಣ್ಣಿಗೇ ಚಪ್ಪಟೆ ಕಂಡರೆ ಇನ್ನು ಹತ್ತು ಮಾರೂ ಓಡಿಸಬೇಡಿ. ಟೈರಿನ ಜೊತೆ ರಿಮ್ಮೂ ಹೋಗುತ್ತದೆ. ಹಾಗೇನೂ ಇಲ್ಲದಿದ್ದರೆ ಮೆಲ್ಲಗೆ ಹತ್ತಿರದ ಬಂಕಿಗೆ.

ಸ್ಟೆಪ್ನಿ ಇದೆಯಲ್ಲ ಅನ್ನುತ್ತೀರಾ? ಒಮ್ಮೆ ಡಿಕ್ಕಿಯ ಮ್ಯಾಟ್ ಎತ್ತಿ ನೋಡಿಬಿಡಿ. ಟ್ಯೂಬ್‌ಲೆಸ್ ಟೈರು, ಈ ದೀಪದ ವ್ಯವಸ್ಥೆ ಮತ್ತು ಪಂಚರ್ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಬೇಕಿಲ್ಲ ಅಂತ 2020ರಲ್ಲಿ ನಿಯಮ ಬದಲಾಗಿದೆ. ಸ್ಟೆಪ್ನಿ ಇದ್ದರೂ ಅದರಲ್ಲಿ ಗಾಳಿ ಇದೆಯಾ ಅಂತ ಯಾರು ನೋಡುತ್ತಾರೆ? ನಮ್ಮದರಲ್ಲಿ ನೋಡಿದಾಗ 18 ಇತ್ತು! ಈ ದೀಪವೇ ಇಲ್ಲದ ಹಳೆಯ ಕಾರು ಇಟ್ಟುಕೊಂಡವರಿಗೆ ಗೇಜೇ ದೀಪ. ತಿಂಗಳಿಗೊಮ್ಮೆ, ದೂರದ ಊರಿಗೆ ಹೊರಡುವ ಮುಂಚೆ ಇನ್ನೊಮ್ಮೆ ನೋಡಿದರೆ ಸಾಕು.

ಶನಿವಾರ ಬೆಳಿಗ್ಗೆ ಐದೂವರೆಗೆ ಮೊಬೈಲ್ ಟಾರ್ಚ್ ಹಿಡಿದು ನಾಲ್ಕೂ ಚಕ್ರ ನೋಡಿ ಹೊರಟೆವು. ಎಲ್ಲವೂ 33. ಎಕ್ಸ್‌ಪ್ರೆಸ್‌ವೇ ಮದ್ದೂರಿನ ಹೊರಗಿಂದಲೇ ಹಾದುಹೋಗುತ್ತದೆ, ವಡೆ ತಪ್ಪಿತು ಅಂತ ಅತ್ತೆ ಮೈಸೂರು ಬರುವವರೆಗೂ ಗೊಣಗಿದರು. ನಾಮಕರಣ ಮುಗಿಸಿ ಬಂದು ಹೊಸ ವರ್ಷದ ಕ್ಯಾಲೆಂಡರ್ ತೂಗುಹಾಕುವಾಗ ನೋಡುತ್ತೇನೆ, ಪ್ರತಿ ತಿಂಗಳ ಒಂದನೇ ತಾರೀಕಿನ ಮನೆಯಲ್ಲಿ ಹಾಲು, ಪೇಪರಿನ ಕೆಳಗೆ ಅತ್ತೆಯ ಗುಂಡು ಅಕ್ಷರದಲ್ಲಿ ಇನ್ನೊಂದು ಪದ ಸೇರಿದೆ: ಗಾಳಿ.